ಬುಟ್ಟಿಯ ನಡುವಿನ ಖಾಲಿ ಜಾಗ

ಬಿದಿರಿನ ಮೀನು ಬುಟ್ಟಿ ಎಷ್ಟು ಹಳತಾದರೂ ಒದ್ದೆಯಾದರೆ ಅದರ ವಾಸನೆ ಎದ್ದೇ ಏಳುತ್ತದೆ. ನಾನು ಮೀನು ಮಾರುವುದು ಬಿಟ್ಟು ಎಷ್ಟೋ ವರ್ಷವಾಯಿತು. ಮೊನ್ನೆ ಹಿತ್ತಿಲಲ್ಲಿ ನೆನೆದಿದ್ದ ಬುಟ್ಟಿಯಿಂದ ಆ ವಾಸನೆ ಬಂದದ್ದೇ, ಕೋಟೇಶ್ವರದ ನಮ್ಮ ಶಾಲೆಯ ವಿಜ್ಞಾನ ಮಾಷ್ಟ್ರು ಕಣ್ಣೆದುರು ಬಂದರು… ಪಂಚೆ ಎತ್ತಿ ಕಟ್ಟಿ ನಮ್ಮ ಜಗಲಿಯಲ್ಲಿ ಕುಕ್ಕರಗಾಲಿನಲ್ಲಿ ಕೂತವರು.

ಮೊಮ್ಮಗಳು ಆಗ ಹೈಸ್ಕೂಲು. ನೀರಿನ ಹಾಗೆ ಹರಿಯುವ, ಆದರೆ ಒಳಗೆ ಉದ್ದುದ್ದ ಕಣಗಳು ಪದರ ಪದರವಾಗಿ ಸಾಲು ನಿಂತಿರುವ ವಸ್ತುಗಳೂ ಇವೆ ಎಂದು ಮಾಷ್ಟ್ರು ಪಾಠದಲ್ಲಿ ಹೇಳಿದ್ದರಂತೆ. ಇವಳು ಅದನ್ನು ಬಂಗುಡೆ ಮೀನಿನಲ್ಲಿ ಮಾಡಿ ತೋರಿಸುತ್ತೇನೆಂದು ವಸ್ತುಪ್ರದರ್ಶನಕ್ಕೆ ಹೆಸರು ಕೊಟ್ಟಳು. ಚೌಕದ ಪೆಟ್ಟಿಗೆಯಲ್ಲಿ ಸಾಲು ಚಂದಕ್ಕೆ ಕೂತಿತು. ಗುಂಡು ಬುಟ್ಟಿಯಲ್ಲಿ ಮಾತ್ರ ಹಟ. ತಲೆಯೆಲ್ಲ ಅಂಚಿಗೆ, ಬಾಲವೆಲ್ಲ ಒಳಗೆ, ಸುತ್ತಿನೊಳಗೆ ಸುತ್ತು ಜೋಡಿಸಿಕೊಂಡು ಬಂದರೆ ನಡುವಿನಲ್ಲಿ ಯಾವ ಮೀನೂ ಸಾಲಿಗೆ ಬಾರದ ಒಂದು ಜಾಗ ಉಳಿಯುತ್ತಿತ್ತು. ಮರುದಿನ ಪ್ರದರ್ಶನ. ತಪ್ಪು ಬುಟ್ಟಿ ಇಟ್ಟುಕೊಂಡು ಎಲ್ಲರೆದುರು ನಿಲ್ಲುವುದಿಲ್ಲ, ಶಾಲೆಗೇ ಹೋಗುವುದಿಲ್ಲ ಎಂದು ಅಳುತ್ತ ಕೂತಳು.

ವಿಷಯ ಕೇಳಿ ಮಾಷ್ಟ್ರು ಸಂಜೆ ಮನೆಗೇ ಬಂದರು. ಕೋಟದ ಕಡೆಯವರು, ಮೀನು ತಿನ್ನುವವರಲ್ಲ. ಬುಟ್ಟಿಗೆ ಕೈ ಹಾಕಿದ್ದು ಕಂಡು ನನಗೆ ನಗು ತಡೆಯಲಿಲ್ಲ.

"ಮಾಷ್ಟ್ರೆ, ಇದ್ ಬೆಂಡೆಕಾಯಿ ಅಲ್ಲ ಮಾರಾಯ್ರೆ."

"ಗೊತ್ತಿತ್ತ್ ಅಕ್ಕ. ಬೆಂಡೆಕಾಯಿ ಇಷ್ಟ್ ಜಾರೂದಿಲ್ಲೆ."

ಎಲ್ಲ ತೆಗೆದು ನಡುವಿನಿಂದ ಶುರುಮಾಡಿದರು. ಈಗ ಸಂದು ಅಂಚಿಗೆ ಬಂತು. ಒಂದು ಬದಿಯಿಂದ ನೇರ ಸಾಲು ಹಿಡಿದರು, ಎರಡೂ ಬದಿಯಲ್ಲಿ ಕೆಟ್ಟಿತು. ನನಗೆ ತಡೆಯಲಾಗಲಿಲ್ಲ. ಗಿರಾಕಿಗೆ ಬುಟ್ಟಿಯ ತಳ ಕಾಣಿಸುವುದುಂಟೆ? ನಡುವೆ ಗುಂಡಿ ಬಿದ್ದರೆ ಒಂದು ಹಿಡಿ ಬೈಗೆ ಮೀನು ಸುರಿದು ಮುಚ್ಚುವುದು ನಮ್ಮ ಕ್ರಮ. ಸಣ್ಣ ಮೀನು, ಎಲ್ಲಿಯೂ ಹಿಡಿಯುತ್ತದೆ. ಹಿಡಿ ತುಂಬಿಕೊಂಡು ಬಂದವಳ ಕೈಯನ್ನು ಮಾಷ್ಟ್ರು ತಡೆದರು.

"ಬೇಡ ಅಕ್ಕ, ಮುಚ್ಬೇಡಿ." ಆಮೇಲೆ ಇವಳ ಕಡೆ ತಿರುಗಿ ಹೇಳಿದರು, "ಕಾಣ್ ಮಗಾ, ನೀ ತಪ್ಪ್ ಮಾಡ್ಲಿಲ್ಲೆ. ಗುಂಡ್ ಜಾಗದಗೆ ಸಾಲ್ ಹಿಡಿದ್ರೆ ಎಲ್ಲಾದ್ರೂ ಒಂದ್ ಕಡೆ ಮುರೀಲೇ ಬೇಕ್. ಅದನ್ನೇ ತೋರ್ಸ್."

ಅವಳು ಕಣ್ಣೊರೆಸಿಕೊಂಡು ಮತ್ತೆ ಜೋಡಿಸಲು ಕೂತಳು.

ಮರುದಿನ ನಾನೂ ಹೋಗಿದ್ದೆ. ನೋಡಲು ಬಂದ ದೊಡ್ಡವರೊಬ್ಬರು ಬುಟ್ಟಿ ಪೂರ್ತಿ ತುಂಬಿಲ್ಲವಲ್ಲ ಎಂದರು. ಇವಳು ಅಲ್ಲಾಡಲಿಲ್ಲ. "ತುಂಬ್ಸುಕೆ ಆತ್ತ್ ಸರ್, ಆರೆ ಸುಳ್ಳಾತ್ತ್" ಎಂದಳು. ಮೂಲೆಯಲ್ಲಿ ನಿಂತಿದ್ದ ಮಾಷ್ಟ್ರ ಮುಖ ನೋಡಬೇಕಿತ್ತು! ಬಹುಮಾನ ಹೊಗೆಯುಗುಳುವ ಜ್ವಾಲಾಮುಖಿಗೆ ಹೋಯಿತು, ಹೋಗಲಿ.

ಆ ಹುಡುಗಿ ಈಗ ದೊಡ್ಡ ಪ್ರಯೋಗಾಲಯದಲ್ಲಿ ಇದನ್ನೇ ಸಂಶೋಧನೆ ಮಾಡುತ್ತಾಳೆ. ದ್ರವ ಹರಳು ಎಂದು ಅದರ ಹೆಸರು. ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡು ಹನಿಯೊಳಗೆ ಅದನ್ನು ಸೇರಿಸಿದರೆ ಪದರಗಳು ಎಲ್ಲಿ ಬಾಗುತ್ತವೆ, ಎಲ್ಲಿ ಮುರಿಯುತ್ತವೆ ಎಂದು ನೋಡುವುದು. ಪದರ ಬಾಗಲು ಒಪ್ಪುತ್ತದಂತೆ, ದಪ್ಪ ಬದಲಿಸಲು ಮಾತ್ರ ಒಪ್ಪುವುದಿಲ್ಲವಂತೆ. ಮೂರನೇ ಕ್ಲಾಸು ಓದಿದ ನನಗೆ ಅರ್ಥವಾಯಿತು ನೋಡಿ! ಕುಂದಾಪುರದ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದ್ದೇನೆ. ಕೇಳದಿದ್ದರೂ ಹೇಳಿದ್ದೇನೆ.

ಮಾಷ್ಟ್ರಿಗೆ ನಾನೇ ಹೇಳಬೇಕೆಂದು ನಿನ್ನೆ ಕೋಟಕ್ಕೆ ಹೋದೆ. ಗೋಡೆಯ ಮೇಲೆ ಫೋಟೋ, ಅದಕ್ಕೆ ಹಾರ… ಹೋಗಿ ಎರಡು ವರ್ಷವಾಯಿತಂತೆ. ನಮಗೆ ಯಾರೂ ಹೇಳಲಿಲ್ಲ. ಅವರ ಹೆಂಡತಿ ಕಾಫಿ ತಂದು ಪಕ್ಕದಲ್ಲಿ ಕೂತರು. "ಅವತ್ ಮೀನ್ ಮುಟ್ಟಿ ಬಂದವ್ರ್ ಬಾವಿಕಟ್ಟೆಯಗೆ ಮಿಂದೇ ಒಳಗ್ ಬಂದದ್ದ್. ಮೀಯುವಾಗ್ಳೂ ಒಬ್ರೇ ನಗಾಡ್ತಾ ಇದ್ರ್" ಎಂದರು.

ನಾನು ಹನಿ, ಪದರ, ಅದು ಮುರಿಯುವ ಜಾಗ, ಎಲ್ಲವನ್ನೂ ಅವರಿಗೇ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ, ಒಳಕೋಣೆಯಲ್ಲಿ ಯಾರಾದರೂ ಇದ್ದರೆ ಕೇಳಿಸುವಷ್ಟು.