ಮೆತ್ತಗಾದ ಕಂಬಳಿ

ಹೋದ ಭಾನುವಾರ ಘೋಡಗೇರಿಯಲ್ಲಿ ನಾನೇ ಡಿಸೈನ್ ಮಾಡಿದ ಕಂಬಳಿಯೊಂದನ್ನು ನೋಡಿದೆ. ಅಂಗಳದ ಹಗ್ಗದ ಮೇಲೆ ನೇತಾಡುತ್ತಿತ್ತು. ಮಳೆಯಲ್ಲಿ ನೆನೆದು ಎರಡು ದಿನವಾಗಿತ್ತಂತೆ. ಅಂಚನ್ನು ಹಿಂಡಿದರೆ ಇನ್ನೂ ನೀರು ಬರುತ್ತಿತ್ತು.

ನಾನು ಅಲ್ಲಿಗೆ ಹೋಗಿದ್ದು ಅಂಥದೊಂದರ ಫೋಟೋ ತೆಗೆಯಲು. ಗೋಕಾಕದ ಕಾಲೇಜೊಂದರಲ್ಲಿ ಪ್ರಾಡಕ್ಟ್ ಡಿಸೈನ್ ಪಾಠ ಮಾಡುತ್ತೇನೆ ಎಂಬುದು ನಿಮಗೆ ಗೊತ್ತೇ ಇದೆ. (ವಾರಕ್ಕೊಮ್ಮೆಯಾದರೂ ಈ ಅಂಕಣದಲ್ಲಿ ಇದನ್ನು ಹೇಳಿಕೊಳ್ಳದಿದ್ದರೆ ನನಗೆ ಉಂಡ ಅನ್ನ ಕರಗುವುದಿಲ್ಲ ಎನ್ನುವುದು ನನ್ನ ಹೆಂಡತಿಯ ದೂರು.) ‘ಗೆದ್ದ ಡಿಸೈನ್‌ಗಳು’ ಎಂಬ ಪಾಠಕ್ಕೆ ಒಂದು ಹೊಸ ಸ್ಲೈಡ್ ಬೇಕಿತ್ತು. ಬೇರೆಯವರ ಉದಾಹರಣೆ ಎಷ್ಟು ದಿನ ಹೇಳುವುದು? ನನ್ನದೇ ಒಂದಿರಲಿ ಅಂದುಕೊಂಡೆ.

ಕಥೆ ಶುರುವಾಗಿದ್ದು ಎರಡು ವರ್ಷದ ಹಿಂದೆ. ಹುಕ್ಕೇರಿಯಲ್ಲಿ ಕಂಬಳಿ ನೇಯುವವರಿಗೆ ಒಂದು ತರಬೇತಿ ಇತ್ತು. ಭಾಷಣಕ್ಕೆ ನನ್ನನ್ನು ಕರೆದಿದ್ದರು. ಶಾಲು, ಹಾರ, ಮೈಕು. ನಾನು ಒಂದು ಕರಿ ಕಂಬಳಿಯನ್ನು ಎತ್ತಿ ಹಿಡಿದು ಕೆನ್ನೆಗೆ ಒತ್ತಿಕೊಂಡು ಮುಖ ಕಿವುಚಿದೆ. ಎಲ್ಲರೂ ನಕ್ಕರು.

‘ನೋಡಿ, ಕಸ್ಟಮರ್ ಅಂಗಡಿಗೆ ಬಂದರೆ ಮೊದಲು ಮುಟ್ಟುತ್ತಾನೆ. ಇದು ಚುಚ್ಚುತ್ತದೆ, ತಗಡಿನ ಹಾಗೆ ನಿಲ್ಲುತ್ತದೆ. ಇದಕ್ಕೆ ಹುಣಸೆಬೀಜದ ಗಂಜಿ ಹಚ್ಚುತ್ತೀರಲ್ಲ, ಅದನ್ನು ಬಿಡಿ. ಉಣ್ಣೆಯ ಜೊತೆ ಮಿಲ್ಲಿನ ಮೆತ್ತನೆ ನೂಲು ಸೇರಿಸಿ’ ಎಂದೆ.

ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತು ಮೆಲ್ಲಗೆ ಕೇಳಿದರು, ‘ಮಳಿ ಬಂದ್ರ ಏನ್ ಮಾಡೋದ್ರಿ ಸರ?’

ನಾನು ಥಟ್ಟನೆ, ‘ಅವ್ವಾ, ಮಳೆಗೆ ಕೊಡೆ ಬಂದು ಬಹಳ ವರ್ಷವಾಯಿತು’ ಎಂದೆ.

ಚಪ್ಪಾಳೆಯೋ ಚಪ್ಪಾಳೆ. ಆಕೆ ಸೆರಗು ಸರಿಮಾಡಿಕೊಂಡು ಕೂತರು. ಆ ದಿನ ಮನೆಗೆ ಬಂದು ಈ ಜೋಕನ್ನು ಹೆಂಡತಿಗೆ ಎರಡು ಸಲ ಹೇಳಿದೆ.

ಆಕೆಯ ಹೆಸರು ಲಗಮವ್ವ. ಘೋಡಗೇರಿಯವರು. ಗಂಡ ಮಾಳಪ್ಪ ಕಾಕಾ ಮಗ್ಗದಲ್ಲಿ ನೇಯುತ್ತಾರೆ, ಗಂಜಿ ಕಾಯಿಸಿ ಹಚ್ಚುವುದು ಲಗಮವ್ವನ ಕೆಲಸ. ಮಾಳಪ್ಪ ಕಾಕಾ ನನ್ನ ಮಾತನ್ನು ವೇದವಾಕ್ಯವೆಂದು ತಿಳಿದರು. ಗಂಜಿ ಬಿಟ್ಟರು. ಮೆತ್ತನೆಯ ಕಂಬಳಿ ನೇಯ್ದರು. ಪೇಟೆಯ ಪ್ರದರ್ಶನದಲ್ಲಿ ಅವು ಚೆನ್ನಾಗಿ ಹೋದವು. ಸೋಫಾದ ಮೇಲೆ ಹಾಸಲು ಬಹಳ ಚೆಂದ ಅಂತ ಜನ ಕೊಂಡರಂತೆ. ಇನ್ನೇನು ಬೇಕು?

ಭಾನುವಾರ ನಾನು ಹೋದಾಗ ಮಾಳಪ್ಪ ಕಾಕಾ ಇರಲಿಲ್ಲ, ಹುಕ್ಕೇರಿಗೆ ಹೋಗಿದ್ದರು. ಕಟ್ಟೆಯ ಮೇಲೆ ನಲವತ್ತರ ಆಸುಪಾಸಿನ ಒಬ್ಬಾತ ಎರಡು ದುಪ್ಪಟಿ ಹೊದ್ದು ಕೂತು ಕೆಮ್ಮುತ್ತಿದ್ದ. ಲಗಮವ್ವನ ತಮ್ಮ, ಸಿದ್ದಪ್ಪ. ಕುರಿ ಮೇಯಿಸುವವನು. ಹಿಂಡನ್ನು ಜೊತೆಯವರಿಗೆ ಒಪ್ಪಿಸಿ, ಜ್ವರ ಅಂತ ಅಕ್ಕನ ಮನೆಗೆ ಬಂದಿದ್ದ.

‘ಇವ್ರು ಗೋಕಾಕದಾಗ ಕಲಸೂ ಸರ್ ಅದಾರ. ಕಂಬಳಿ ನೋಡಾಕ ಬಂದಾರ’ ಎಂದು ಲಗಮವ್ವ ತಮ್ಮನಿಗೆ ಹೇಳಿದರು. ಅಷ್ಟೇ ಹೇಳಿದರು.

ಹಗ್ಗದ ಮೇಲಿನ ಕಂಬಳಿಯ ಕಡೆ ಸಿದ್ದಪ್ಪ ಗದ್ದ ಎತ್ತಿ ತೋರಿಸಿದ. ‘ಅದನ್ನ ನೋಡ್ರಿ ಸರ. ಹಳೇದು ಹರದಿತ್ತಂತ ಮಾಳಪ್ಪ ಮಾವ ಕೊಟ್ಟಾನ. ಕಲ್ಲೋಳಿ ಹೊಲದಾಗ ಹಿಂಡ ಹಾಕಿದ್ವಿ. ಮಧ್ಯಾಹ್ನ ದೊಡ್ಡ ಮಳಿ ಹಿಡೀತು. ಮುಂಜಾನೆ ಹುಟ್ಟಿದ್ದು ಎರಡು ಮರಿ ಇದ್ವು. ಹೊಟ್ಟಿಗೆ ಅವಚಿಕೊಂಡು ಕಂಬಳಿ ಹೊತ್ಗೊಂಡು ಕುಂತೆ. ಕಂಬಳಿ ನೀರ ಕುಡಕೋತ ಹೋತು. ಒಳಗ ಮರಿ ನಡುಗಾಕತ್ತಿದ್ವು. ಹೊತ್ತ ಮುಳಗೂದ್ರಾಗ ಎರಡೂ ತಣ್ಣಗಾದ್ವು.’

ಸ್ವಲ್ಪ ಹೊತ್ತು ಕೆಮ್ಮಿದ. ಆಮೇಲೆ, ‘ಇಪ್ಪತ್ತ ವರ್ಷ ಆತ್ರಿ ಕುರಿ ಹಿಂದ ತಿರಗಾಕ ಹತ್ತಿ. ಮಳ್ಯಾಗ ಒಂದು ಮರೀನೂ ಕಳಕೊಂಡಾಂವ ಅಲ್ಲ ನಾ’ ಎಂದ.

ಕೊಡೆಯ ಮಾತು ನೆನಪಾಯಿತು. ಒಂದು ಕೈಯಲ್ಲಿ ಕೋಲು, ಇನ್ನೊಂದು ತೋಳಿನಲ್ಲಿ ಮರಿ. ಕೊಡೆ ಹಿಡಿಯಲು ಅವನು ಮೂರನೆಯ ಕೈ ಎಲ್ಲಿಂದ ತರಬೇಕಿತ್ತು?

ಸಿದ್ದಪ್ಪ ಅಕ್ಕನ ಕಡೆ ತಿರುಗಿ, ‘ನೀ ಇದ್ದಿದ್ರ ನೀರ ಹಾಕಿ ನೋಡಿ ಕೊಡತಿದ್ದಿ’ ಎಂದ. ಅವನು ಕಂಬಳಿ ಒಯ್ದಾಗ ಲಗಮವ್ವ ಮಗಳ ಬಾಣಂತನಕ್ಕೆಂದು ಧುಪದಾಳಕ್ಕೆ ಹೋಗಿದ್ದರಂತೆ.

ನೀರು ಹಾಕಿ ನೋಡುವುದೆಂದರೇನು ಎಂದು ನಾನು ಕೇಳಿದೆ. ಲಗಮವ್ವ ಒಳಗೆ ಹೋಗಿ, ಮಾರಾಟವಾಗದೆ ಉಳಿದಿದ್ದ ಮೆತ್ತನೆಯ ಕಂಬಳಿಯೊಂದನ್ನು ತಂದರು. ಒಂದು ಕಡೆಯ ಎರಡು ಮೂಲೆ ನನ್ನ ಕೈಗೆ ಕೊಟ್ಟರು, ಇನ್ನೊಂದು ಕಡೆಯದು ಸಿದ್ದಪ್ಪನ ಕೈಗೆ. ನಡುವೆ ಜೋಲುಬಿದ್ದ ಜಾಗಕ್ಕೆ ಒಂದು ತಂಬಿಗೆ ನೀರು ಸುರಿದರು.

‘ಕುರುಬರಿಗೆ ಕೊಡೂ ಕಂಬಳಿ ಹಿಂಗ ನೋಡೇ ಕೊಡೂದ್ರಿ. ನಾ ಒಂದು ರೊಟ್ಟಿ ತಿಂದ ಬರೂತನಾ ನೀರ ನಿಂದರಬೇಕು’ ಎಂದರು.

ಆಕೆ ಈ ಮಾತು ಮುಗಿಸುವುದರೊಳಗೆ ನೀರು ಕೆಳಗೆ ಸೋರಿ ನನ್ನ ಬೂಟಿಗೆ ಸಿಡಿಯುತ್ತಿತ್ತು.

ತಯಾರಾದ ವಸ್ತುವನ್ನು ಪರೀಕ್ಷಿಸದೆ ಹೊರಗೆ ಬಿಡಬಾರದು ಎಂದು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಅದಕ್ಕಾಗಿ ಹನ್ನೆರಡು ಸ್ಲೈಡ್ ಇವೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನಾನು ಕಂಬಳಿಗೆ ಮಾಡಿದ ಪರೀಕ್ಷೆ ಒಂದೇ, ಕೆನ್ನೆಗೆ ಒತ್ತಿಕೊಂಡಿದ್ದು. ಫ್ಯಾನಿನ ಕೆಳಗೆ, ಶಾಲು ಹೊದ್ದುಕೊಂಡು. ಲಗಮವ್ವನ ಹತ್ತಿರ ಒಂದು ತಂಬಿಗೆ ಇತ್ತು.

ಗಂಜಿ ಕಂಬಳಿಯ ದೋಷ ಅಂತ ನನಗೆ ಯಾರು ಹೇಳಿದರು? ಯಾರೂ ಇಲ್ಲ. ಅದು ನೂಲಿನ ನಡುವಿನ ಸಂದು ಮುಚ್ಚುತ್ತದೆ, ಕಂಬಳಿಯನ್ನು ಬಿರುಸಾಗಿ ನಿಲ್ಲಿಸುತ್ತದೆ, ತಲೆಯ ಮೇಲಿಂದ ಮಡಚಿ ಕೊಪ್ಪೆ ಹಾಕಿಕೊಂಡರೆ ನೀರು ಹೆಗಲಿನಿಂದ ಜಾರಿ ಹೋಗುತ್ತದೆ. ಚುಚ್ಚುವ ಆ ಬಿರುಸೇ ಅದರ ಡಿಸೈನ್. ಕಸ್ಟಮರ್ ಕಸ್ಟಮರ್ ಅಂತ ಅಷ್ಟು ಸಲ ಹೇಳಿದೆನಲ್ಲ, ಸಿದ್ದಪ್ಪ ಕಸ್ಟಮರ್ ಅಲ್ಲವೇ? ಅಂಗಡಿಯಲ್ಲಿ ಎರಡು ನಿಮಿಷ ಮುಟ್ಟುವವನಿಗಾಗಿ, ವರ್ಷಗಟ್ಟಲೆ ಹೊದೆಯುವವನನ್ನು ಮರೆತೆ. ಸೋಫಾಕ್ಕೆ ಬೇರೆ ಕಂಬಳಿ ಮಾಡಿ, ಕುರುಬರದನ್ನು ಮುಟ್ಟಬೇಡಿ ಎಂದಿದ್ದರೆ ಮುಗಿಯುತ್ತಿತ್ತು. ಆ ಒಂದು ಮಾತು ಹೊಳೆಯಲಿಲ್ಲ.

ಮೂಲೆಗಳನ್ನು ಇನ್ನೂ ಹಿಡಿದೇ ನಿಂತಿದ್ದೆವು. ಸಿದ್ದಪ್ಪ ಆ ಕಡೆಯಿಂದ, ‘ಯಾರೋ ಸರ್ ಅಂತ್ರಿ. ಹುಕ್ಕೇರ್ಯಾಗ ಭಾಷಣಾ ಮಾಡಿ ಗಂಜಿ ಬಿಡ್ರಿ ಅಂದ ಹೋದ್ನಂತ. ಎಂದಾರ ಕುರಿ ಕಾದಿದ್ನೋ ಇಲ್ಲೋ. ನೀವರ ನಿಮ್ಮ ಹುಡುಗರಿಗೆ ಸರಿಯಾಗಿ ಹೇಳಿಕೊಡ್ರಿ’ ಎಂದ.

ನಾನು ಲಗಮವ್ವನ ಕಡೆ ನೋಡಿದೆ. ಆಕೆ ನನ್ನ ಕಡೆ ನೋಡಲಿಲ್ಲ, ‘ಚಾ ಇಡತೇನಿ’ ಎಂದು ಒಳಗೆ ಹೋದರು.

‘ಆ ಸರ್ ನಾನೇ, ಸಿದ್ದಪ್ಪ.’ ನಾಲ್ಕು ಪದ. ಹೇಳಬಹುದಿತ್ತು. ಅವನೇನು ಕೋಲು ಎತ್ತುತ್ತಿರಲಿಲ್ಲ, ಎತ್ತಿದ್ದರೂ ತಪ್ಪಿರಲಿಲ್ಲ. ನಾನು ‘ಹೌದು, ಹೇಳಿಕೊಡಬೇಕು’ ಎಂದೆ. ಕಂಬಳಿ ಮಡಚಿ ಕಟ್ಟೆಯ ಮೇಲಿಟ್ಟೆ. ಚಹಾ ಕುಡಿದೆ, ಜ್ವರಕ್ಕೆ ಯಾವ ಡಾಕ್ಟರ ಹತ್ತಿರ ಹೋಗಿದ್ದೆ ಎಂದು ವಿಚಾರಿಸಿದೆ.

ಬೈಕಿನ ತನಕ ಲಗಮವ್ವ ಬಂದರು. ಹಿತ್ತಲಲ್ಲಿ ಹುಣಸೆಬೀಜ ನೆನೆಹಾಕಿದ್ದನ್ನು ತೋರಿಸಿದರು. ಗಂಜಿ ಹಚ್ಚುವ ದೊಡ್ಡ ಕುಂಚವನ್ನು ಇಲಿ ಕಡಿದುಹಾಕಿವೆ, ಹೊಸದು ಕಟ್ಟಿಸಬೇಕು ಎಂದರು. ನಾನು ಏನಾದರೂ ಹೇಳಲೇಬೇಕಲ್ಲ ಅಂತ, ‘ತಪ್ಪಾಯಿತು ಅವ್ವಾ’ ಎಂದೆ, ಅದೂ ಹೆಲ್ಮೆಟ್ ಹಾಕಿಕೊಂಡ ಮೇಲೆ.

‘ಅವತ್ತ ನಾನರ ಇನ್ನೊಮ್ಮೆ ಗಟ್ಟಿಯಾಗಿ ಕೇಳಬೇಕಿತ್ರಿ ಸರ. ಮಂದಿ ನಕ್ಕರಂತ ಕುಂತಬಿಟ್ಟೆ’ ಎಂದರು ಲಗಮವ್ವ.

ಬೈದಿದ್ದರೆ ಚೆನ್ನಾಗಿತ್ತು. ತಪ್ಪಿನಲ್ಲಿ ತಾನೂ ಪಾಲು ತೆಗೆದುಕೊಂಡು ನನ್ನನ್ನು ಕಳಿಸಿಕೊಟ್ಟರು. ಗೋಕಾಕದ ತನಕ ಗಾಡಿಯನ್ನು ಮೂರನೇ ಗೇರ್‌ನಲ್ಲೇ ಓಡಿಸಿದ್ದೆ ಅಂತ ಮನೆಗೆ ಬಂದ ಮೇಲೆ ಗೊತ್ತಾಯಿತು.

ಸೋಮವಾರ ಕ್ಲಾಸಿನಲ್ಲಿ ಆ ಹೊಸ ಸ್ಲೈಡ್ ಇರಲಿಲ್ಲ. ಕಂಬಳಿಯ ಕಥೆಯನ್ನು ಹೇಳಿದೆ, ಆದರೆ ‘ಒಬ್ಬ ಡಿಸೈನರ್ ಇದ್ದ’ ಅಂತ ಶುರುಮಾಡಿದೆ. ಅಲ್ಲೂ ‘ನಾನು’ ಎಂಬ ಪದ ಬಾಯಿಗೆ ಬರಲಿಲ್ಲ. ಇಲ್ಲಿ ನಿಮ್ಮ ಮುಂದೆ ಮಾತ್ರ ಎಲ್ಲವನ್ನೂ ಬಿಚ್ಚಿ ಬರೆದಿದ್ದೇನೆ, ದೊಡ್ಡ ಧೈರ್ಯವಂತನ ಹಾಗೆ.

ಕುರಿ ಹಿಂಡು ಇರುವಲ್ಲಿಗೆ ಈ ಪೇಪರ್ ಹೋಗುವುದಿಲ್ಲ ಎಂದು ಗೊತ್ತಿರುವುದರಿಂದ ತಾನೇ?