ಎದುರುಮನೆ ಮೇಷ್ಟ್ರ ವಿಚಾರಣೆ

ಹಳೇಬೀಡಿನಿಂದ ಹೊರಡುವ ಮೊದಲ ಬಸ್ಸು ಹಿಡಿಯಲೆಂದು ನಸುಕಿನಲ್ಲೇ ಬೀಗ ಹಾಕಿ ತಿರುಗಿದರೆ, ಎದುರುಮನೆಗೆ ಹೊಸದಾಗಿ ಬಂದಿದ್ದ ಮೇಷ್ಟ್ರು ನಮ್ಮ ಗೇಟಿನ ಬಳಿ ನಿಂತಿದ್ದರು. ಬೇಕಲದ ಕಡಲು, ಹಾಳುಕೋಟೆ ನೋಡಿ ಬರೋಣವೆಂದು ನಾವು ಮಾತಾಡಿಕೊಂಡಾಗಿನಿಂದ ಅವರದು ಒಂದೇ ವಿಚಾರಣೆ: ಯಾವತ್ತು ಹೊರಡ್ತೀರಿ, ಯಾವತ್ತು ಬರ್ತೀರಿ, ಎಲ್ಲರೂ ಹೋಗ್ತೀರಾ?

"ಮನೆ ಖಾಲಿ ಇರೋದು ಯಾವಾಗ ಅಂತ ನೋಡ್ತವ್ರೆ ಕಣೇ," ಎಂದಿದ್ದರು ನಮ್ಮ ಯಜಮಾನರು. ಅದಕ್ಕೇ ಬೆಳ್ಳಿ ದೀಪ, ಟ್ರಾನ್ಸಿಸ್ಟರ್ ಎರಡನ್ನೂ ರಾಗಿ ಮೂಟೆಯಲ್ಲಿ ಹೂತಿಟ್ಟು, ನಾಡಿದ್ದು ಹೊರಡುತ್ತೇವೆಂದು ಮೇಷ್ಟ್ರಿಗೆ ಹೇಳಿದ್ದೆ.

"ನಿಮ್ಮ ಮನೆಯಲ್ಲಿ ಬೆಳಕು ಕಂಡಿತು, ಬಂದೆ ಅಕ್ಕ," ಎಂದರು ಮೇಷ್ಟ್ರು ತಲೆ ತಗ್ಗಿಸಿ. "ಆ ಕೋಟೆಯ ಕೆಳಗೆ ದಂಡೆಯಲ್ಲಿ ನಮ್ಮಮ್ಮ ಮೀನು ಒಣಗಿಸ್ತಾರೆ. ಬಲಗೆನ್ನೆಯಲ್ಲಿ ದೊಡ್ಡ ಮಚ್ಚೆ ಇದೆ. ಜಾತಿ ಬಿಟ್ಟು ಮದುವೆಯಾದೆ ಅಂತ ನನ್ನನ್ನು ಮನೆಗೆ ಸೇರಿಸುವುದಿಲ್ಲ. ಹೇಗಿದ್ದಾರೆ ಅಂತ ನೋಡಿಕೊಂಡು ಬನ್ನಿ, ಸಾಕು."

ಬೀಗದ ಕೈಯನ್ನು ಅವರಿಗೇ ಕೊಟ್ಟು ಬಸ್ಸು ಹತ್ತಿದೆವು.

ಆ ತಾಯಿ ಸಿಕ್ಕರು. ಮಗನ ಹೆಸರೆತ್ತಿದ ಕೂಡಲೇ ಮುಖ ತಿರುಗಿಸಿ ಒಳಗೆ ಹೋದವರು, ಒಂದು ಗಂಟು ತಂದು ನನ್ನ ಕೈಗಿಟ್ಟರು. ಮೊಟ್ಟೆಯನ್ನೂ ಮುಟ್ಟದ ನಾನು, ಆ ಒಣಮೀನನ್ನು ಊರು ಬರುವವರೆಗೂ ಮಡಿಲಿನಿಂದ ಇಳಿಸಲಿಲ್ಲ.