ಕಾನ್ಫರೆನ್ಸಿನ ಅರ್ಥ

ಹೊನ್ನಾವರದಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮಾಸ್ತರರು ಸದಾ ದಣಿದವರಂತೆ ಕಾಣುತ್ತಿದ್ದರು. ಹೊಸ ಶಬ್ದ ಬಂದಾಗೆಲ್ಲ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಇದ್ರ ಬೇರು ಎಂತದು ನೋಡ್ವ" ಎನ್ನುವರು. ಕಾನ್ಫರೆನ್ಸ್ ಎಂಬುದರ ಲ್ಯಾಟಿನ್ ಮೂಲಕ್ಕೆ 'ಒಟ್ಟಿಗೆ ಹೊತ್ತು ತರುವುದು' ಎಂಬ ಅರ್ಥವಿದೆಯೆಂದು ಹೇಳಿಕೊಟ್ಟವರು ಅವರೇ.

ಎಪ್ಪತ್ತರ ದಶಕದ ಕೊನೆಗೆ ಯಂತ್ರದ ದೋಣಿಗಳು ಬಂದು, ದಡದಿಂದ ಎಳೆಯುವ ರಂಪಣಿ ಬಲೆಗಳು ಬರಿದಾದವು. ಆಗ ಕಡಲ ದಂಡೆಯ ಚಪ್ಪರದಲ್ಲಿ ಮೀನುಗಾರರ ಕಾನ್ಫರೆನ್ಸ್ ನಡೆಯಿತು. ಹೊರಗಿನಿಂದ ಬಂದ ಅಧಿಕಾರಿಯ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಲು ಮಾಸ್ತರರನ್ನು ಕರೆದಿದ್ದರು. ನಾನೂ ಜನರ ನಡುವೆ ಕೂತಿದ್ದೆ. ಅಧಿಕಾರಿ ಮಧ್ಯಾಹ್ನದವರೆಗೆ ಮಾತಾಡಿ, ಯಾರನ್ನೂ ಏನೂ ಕೇಳದೆ ಎದ್ದರು.

"ಮಾಸ್ತರ್ರೇ, ನಮ್ಮ ಮಾತು ಎಂತ ಆತು?" ಎಂದಳು ಮೀನು ಮಾರುವ ಮುದುಕಿ.

ಮಾಸ್ತರರು ಅಧಿಕಾರಿಗೆ ಅಡ್ಡ ನಿಂತರು. "ಇವರು ಹೊತ್ತು ತಂದದ್ದನ್ನು ಇಳಿಸಿಕೊಳ್ಳದೆ ಹೋದರೆ ಇದು ಕಾನ್ಫರೆನ್ಸ್ ಆಗುವುದಿಲ್ಲ ಸರ್" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಧಿಕಾರಿ ನಕ್ಕು ಜೀಪು ಹತ್ತಿದರು.

ಮಾಸ್ತರರು ಹಿಂದಿರುಗಿ ಮುದುಕಿಯ ಎದುರು ಮರಳಿನ ಮೇಲೆ ಕೂತರು.

"ನನ್ನ ಕೈಲಿ ಎಂತದೂ ಆಗೂದಿಲ್ಲ ಅಮ್ಮಾ. ಆದ್ರೂ ಹೇಳು."

ಅವಳು ಹೇಳತೊಡಗಿದಳು. ಮಾತು ಮುಗಿಯುವಷ್ಟರಲ್ಲಿ ಅವಳ ಹಿಂದೆ ಉಳಿದವರೂ ಬಂದು ಕೂತಿದ್ದರು.